ಅಣ್ಣನಿಂದ ಕೇವಿಯಟ್ ಬಂದಿದೆ. ಇದು ಕೇಸಾ, ಸ್ಟೇನಾ, ಏನಿದು?

ತೆಂಗಿನಸೀಮೆ_ಮಗಳು:

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೋರ್ಟು ಕಚೇರಿ ವಿಷಯ ಗೊತ್ತಿರುವವರು ಇದ್ದಾರೆ ಅಂತ ನಾದಿನಿ ಹೇಳಿದಳು. ಉದ್ದ ಆದರೆ ಬೇಜಾರು ಮಾಡ್ಕೋಬೇಡಿ.

ನಮ್ಮ ತವರು ತಿಪಟೂರು ಕಡೆ. ಅಪ್ಪನ ಹೆಸರಲ್ಲಿ ಮೂರು ಎಕರೆ ಚಿಲ್ಲರೆ ತೆಂಗಿನ ತೋಟ, ಊರೊಳಗೆ ಒಂದು ಹೆಂಚಿನ ಮನೆ. ಅಪ್ಪ ಹೋದ ವರ್ಷ ತೀರಿಕೊಂಡರು. ಉಯಿಲು ಗಿಯಿಲು ಏನೂ ಬರೆದಿಲ್ಲ. ಅಮ್ಮ ಇದ್ದಾರೆ, ಅಣ್ಣನ ಜೊತೆ. ಅಣ್ಣ ಒಬ್ಬನೇ, ಹೆಣ್ಣುಮಕ್ಕಳು ಅಕ್ಕ ಮತ್ತು ನಾನು. ನನ್ನನ್ನು ಅರಸೀಕೆರೆಗೆ ಕೊಟ್ಟಿದ್ದಾರೆ. ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ.

ವರ್ಷದ ತಿಥಿ ದಿನ ಊಟ ಆದಮೇಲೆ ಅಕ್ಕ ಮೆಲ್ಲಗೆ, "ತೋಟದ ವಿಷಯ ಏನು ಮಾಡೋಣ" ಅಂದಳು. ಅಣ್ಣ ಮಾತೇ ಆಡಲಿಲ್ಲ. ಅತ್ತಿಗೆ ಎಲೆ ಎತ್ತಿಕೊಂಡು ಒಳಗೆ ಹೋದರು. ಅಷ್ಟೇ ನಡೆದದ್ದು. ಜಗಳ ಇಲ್ಲ, ಕೂಗಾಟ ಇಲ್ಲ.

ಈಗ ನೋಡಿದರೆ ರಿಜಿಸ್ಟರ್ ಪೋಸ್ಟ್. ಉದ್ದನೆಯ ಕಂದು ಕವರ್, ಹಿಂದೆ ಸಹಿ ಮಾಡಿ ಕೊಡುವ ಕಾರ್ಡು. ಒಳಗೆ ಇಂಗ್ಲಿಷಿನಲ್ಲಿ ಟೈಪ್ ಮಾಡಿದ ಹಾಳೆಗಳು. ಮೇಲೆ ಕೋರ್ಟಿನ ಹೆಸರು, ಅದರ ಕೆಳಗೆ ಸಿಪಿಸಿ 148ಎ ಅಂತ ಇದೆ. ಅಣ್ಣನ ಹೆಸರಿನ ಪಕ್ಕ ಕೇವಿಯಟರ್. ಎದುರುಗಡೆ ಒಂದು, ಎರಡು, ಮೂರು ಅಂತ ಅಮ್ಮ, ಅಕ್ಕ, ನಾನು. ಕೊನೆಯಲ್ಲಿ ತೋಟದ ಸರ್ವೆ ನಂಬರು, ಚಕ್ಕುಬಂದಿ. ಅಮ್ಮನ ಮೇಲೂ ಹಾಕಿದ್ದಾನೆ, ಅದೇ ನನಗೆ ತಡೆಯೋಕೆ ಆಗ್ತಿಲ್ಲ. ಅಮ್ಮ ಅವನ ಮನೆಯಲ್ಲೇ ಮುದ್ದೆ ತಿರುವುತ್ತಿದ್ದಾರೆ!

ನಮ್ಮ ಮನೆಯವರು "ಕೋರ್ಟ್ ಸಹವಾಸ ಬೇಡ, ಸುಮ್ನಿರು" ಅಂತಾರೆ. ಪಕ್ಕದ ಮನೆಯವರು "ಅಯ್ಯೋ, ಇದು ಸ್ಟೇ ಕಣಮ್ಮ" ಅಂದರು. ನನಗೆ ಗೊತ್ತಾಗಬೇಕಾದ್ದು ಇಷ್ಟು. ನನ್ನ ಮೇಲೆ ಕೇಸ್ ಬಿದ್ದಿದೆಯಾ? ಕೋರ್ಟಿಗೆ ಹೋಗಬೇಕಾ? ಹಾಳೆಯಲ್ಲಿ ತಾರೀಕೇ ಕೊಟ್ಟಿಲ್ಲ. ಸಹಿ ಮಾಡಿ ಕವರ್ ತಗೊಂಡಿದ್ದರಿಂದ ಏನಾದರೂ ತೊಂದರೆ ಆಗುತ್ತಾ?

ಹಾಸನ್_ಹೈದ:

ಅಕ್ಕಾ, ಕೇವಿಯಟ್ ಅಂದ್ರೆ ಒಂಥರಾ ಸ್ಟೇ ಇದ್ದಂಗೆ. 90 ದಿನ ನೀವು ಕೇಸ್ ಹಾಕೋಕೆ ಆಗಲ್ಲ. ನಮ್ಮ ಚಿಕ್ಕಪ್ಪನ ಸೈಟ್ ಗಲಾಟೇಲೂ ಹಿಂಗೇ ಮಾಡಿದ್ರು. 90 ದಿನ ಆದ್ಮೇಲೆ ಹೋಗಿ. ಕವರ್ ತಗೋಬಾರದಿತ್ತು, ವಾಪಸ್ ಕಳಿಸಬೇಕಿತ್ತು.

ಹಳೇ_ಶಿರಸ್ತೇದಾರ:

ನೋಡಮ್ಮ, ಮೊದಲು ಮೇಲಿನ ಉತ್ತರವನ್ನು ಪಕ್ಕಕ್ಕಿಡಿ. ನಾನು ಸಿವಿಲ್ ಕೋರ್ಟ್ ಕಚೇರಿಯಲ್ಲಿ ಕೆಲಸ ಮಾಡಿ ರಿಟೈರ್ ಆದವನು, ವಕೀಲನಲ್ಲ. ಫೈಲಿಂಗ್ ಕೌಂಟರಿನಲ್ಲಿ ಕೇವಿಯಟ್ ರಿಜಿಸ್ಟರ್ ಬರೆದವನು. ಹಾಗಾಗಿ ಅದು ಏನು ಮಾಡುತ್ತೆ, ಏನು ಮಾಡಲ್ಲ ಅಂತ ಹೇಳಬಲ್ಲೆ.

ನಿಮ್ಮ ಮೇಲೆ ಕೇಸ್ ಬಿದ್ದಿಲ್ಲ. ಅದಕ್ಕೇ ತಾರೀಕು ಇಲ್ಲ. ನೀವು ಹಾಜರಾಗಬೇಕಾಗಿಯೂ ಇಲ್ಲ, ಉತ್ತರ ಬರೆದು ಕಳಿಸಬೇಕಾಗಿಯೂ ಇಲ್ಲ. ಲ್ಯಾಟಿನ್ನಿನಲ್ಲಿ ಆ ಪದಕ್ಕೆ ಎಚ್ಚರಿಕೆಯಿಂದಿರಲಿ ಅಂತ ಅರ್ಥ. ಆದರೆ ಇಲ್ಲಿ ಎಚ್ಚರಿಸುತ್ತಿರುವುದು ನಿಮ್ಮನ್ನಲ್ಲ, ಕೋರ್ಟನ್ನು. ನಿಮ್ಮಣ್ಣ ಜಡ್ಜ್ ಹತ್ತಿರ ಹೇಳಿಕೊಂಡಿರುವುದು ಇಷ್ಟೇ: "ಸ್ವಾಮಿ, ನಮ್ಮ ಅಮ್ಮನೋ ತಂಗಿಯರೋ ಈ ತೋಟದ ವಿಷಯಕ್ಕೆ ನಿಮ್ಮ ಹತ್ತಿರ ಬರಬಹುದು. ಬಂದು ತುರ್ತಾಗಿ ತಡೆಯಾಜ್ಞೆ ಕೇಳಿದರೆ, ನನ್ನ ಮಾತು ಕೇಳದೆ ಕೊಡಬೇಡಿ." ಇದಕ್ಕಿಂತ ಒಂದಕ್ಷರ ಜಾಸ್ತಿ ಇಲ್ಲ.

ಇದು ಯಾಕೆ ಬಂತು ಅಂದರೆ, ದಾವೆ ಹಾಕಿದ ದಿನವೇ ಮಧ್ಯಂತರ ಅರ್ಜಿ, ಅಂದರೆ ತೀರ್ಪಿಗೆ ಮೊದಲೇ ತಾತ್ಕಾಲಿಕ ಆದೇಶ ಕೇಳುವ ಅರ್ಜಿ ಕೊಟ್ಟು, ಎದುರುಗಡೆಯವನಿಗೆ ಗೊತ್ತೇ ಆಗದ ಹಾಗೆ ತಡೆಯಾಜ್ಞೆ ತರಬಹುದು. ಅದನ್ನೇ ಎಕ್ಸ್‌ಪಾರ್ಟಿ ಅನ್ನುತ್ತಾರೆ. ಬೆಳಿಗ್ಗೆ ತೋಟಕ್ಕೆ ಹೋದವನಿಗೆ ಸಂಜೆ ಅಮೀನ ಬಂದು ಆರ್ಡರ್ ಕೊಟ್ಟಾಗಲೇ ತಿಳಿಯೋದು. ಮೊದಲು ಸಾಮಾನ್ಯ ಸಿವಿಲ್ ದಾವೆಗಳಲ್ಲಿ ಇದಕ್ಕೆ ದಾರಿ ಇರಲಿಲ್ಲ. 1976ರ ತಿದ್ದುಪಡಿಯಲ್ಲಿ ಸಿಪಿಸಿಗೆ, ಅಂದರೆ ಸಿವಿಲ್ ಪ್ರಕ್ರಿಯಾ ಸಂಹಿತೆಗೆ, 148ಎ ಕಲಮು ಸೇರಿಸಿದರು, 1977ರ ಫೆಬ್ರವರಿ 1ರಿಂದ ಜಾರಿಗೆ ಬಂತು. ಕೇವಿಯಟ್ ಹಾಕಿದವನು ಅದರ ನೋಟಿಸನ್ನು, ಯಾರು ಅರ್ಜಿ ಹಾಕಬಹುದು ಅಂತ ಅವನಿಗೆ ಅನುಮಾನ ಇದೆಯೋ ಅವರಿಗೆಲ್ಲ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಬೇಕು ಅಂತ ಕಾನೂನೇ ಹೇಳುತ್ತೆ. ನಿಮಗೆ ಬಂದಿರುವುದು ಆ ನೋಟಿಸು. ಸಹಿ ಮಾಡಿ ತಗೊಂಡದ್ದು ಸರಿಯಾಯಿತು. ವಾಪಸ್ ಕಳಿಸಿದ್ದರೆ ಕವರ್ ಮೇಲೆ "ತೆಗೆದುಕೊಳ್ಳಲು ನಿರಾಕರಿಸಿದರು" ಅಂತ ಷರಾ ಬೀಳುತ್ತಿತ್ತು, ಆಗಲೂ ನೋಟಿಸ್ ತಲುಪಿದೆ ಅಂತಲೇ ಲೆಕ್ಕ. ಒಳಗೆ ಏನಿದೆ ಅಂತ ಮಾತ್ರ ನಿಮಗೆ ಗೊತ್ತಾಗುತ್ತಿರಲಿಲ್ಲ.

ಅಮ್ಮನ ಹೆಸರು ಯಾಕೆ ಅಂತ ಕೊರಗಬೇಡಿ. ಉಯಿಲಿಲ್ಲದೆ ಅಪ್ಪ ಹೋದರೆ ಹೆಂಡತಿಗೂ ಹಕ್ಕಿದೆ, ಮಕ್ಕಳಿಗೂ ಇದೆ. ಹಕ್ಕಿರುವವರು ಯಾರು ಬೇಕಾದರೂ ದಾವೆ ಹಾಕಬಹುದು. ಆದ್ದರಿಂದ ವಕೀಲರು ವಂಶವೃಕ್ಷ ಮುಂದಿಟ್ಟುಕೊಂಡು ಎಲ್ಲರ ಹೆಸರೂ ಬರೆಯುತ್ತಾರೆ. ಹೀಗೆ ಹೆತ್ತ ತಾಯಿಯ ಹೆಸರು ಇರುವ ಕೇವಿಯಟ್‌ಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಎಷ್ಟೋ ಸಲ ಹಾಕಿದ ಮಗನಿಗೇ ತಾಯಿ ಹೆಸರು ಸೇರಿದ್ದು ಗೊತ್ತಿರುತ್ತಿರಲಿಲ್ಲ.

ಈಗ 90 ದಿನದ ವಿಷಯ. ಅದು ನಿಮಗೆ ಹಾಕಿದ ನಿರ್ಬಂಧ ಅಲ್ಲ, ಅವನ ಕೇವಿಯಟ್‌ನ ಆಯಸ್ಸು. ಕೋರ್ಟಿನಲ್ಲಿ ಸಲ್ಲಿಸಿದ ದಿನದಿಂದ ಎಣಿಕೆ, ಕವರ್ ನಿಮ್ಮ ಕೈಗೆ ಬಂದ ದಿನದಿಂದ ಅಲ್ಲ. ಅಷ್ಟರೊಳಗೆ ನೀವು ಅರ್ಜಿ ಹಾಕದಿದ್ದರೆ ಅದು ತಾನಾಗಿ ಬಿದ್ದುಹೋಗುತ್ತೆ. ಅವನಿಗೆ ಬೇಕಾದರೆ ಮತ್ತೆ ಹೊಸದು ಹಾಕಬಹುದು. ನೀವು ನಾಳೆಯೇ ಭಾಗದ ದಾವೆ ಹಾಕಿದರೂ ತಡೆಯುವವರಿಲ್ಲ. ದಾವೆ ಜೊತೆ ಮಧ್ಯಂತರ ಅರ್ಜಿ ಹಾಕುವುದಾದರೆ, ಅದರ ಪ್ರತಿ ಮತ್ತು ದಾಖಲೆಗಳ ನಕಲನ್ನು ಅವನ ಕಡೆಗೆ ಕೊಡಬೇಕು. ನಕಲಿನ ಖರ್ಚು ಅವನದೇ. ಕೋರ್ಟು ಅವನಿಗೆ ನೋಟಿಸ್ ಕೊಟ್ಟು, ಇಬ್ಬರ ಮಾತೂ ಕೇಳಿ ಆರ್ಡರ್ ಮಾಡುತ್ತೆ. ನೋಟಿಸ್ ಆದಮೇಲೂ ಅವನು ಬರದಿದ್ದರೆ ಕಾಯುತ್ತಾ ಕೂರುವುದಿಲ್ಲ.

ನನ್ನ ಅನುಭವದಲ್ಲಿ ಕೇವಿಯಟ್ ಮಾಡುವ ಕೆಡುಕು ಬೇರೆ ಇದೆ. ಜನ ಅದನ್ನು ನೋಡಿ ಹೆದರಿ ಕೂತುಬಿಡುತ್ತಾರೆ. 90 ದಿನ ಕಳೆಯಲಿ, ಆಮೇಲೆ ಎಕ್ಸ್‌ಪಾರ್ಟಿ ತರೋಣ ಅಂತ ಕೆಲವು ವಕೀಲರೂ ಕಾಯಿಸುತ್ತಾರೆ. ಅಷ್ಟರಲ್ಲಿ ಆ ಕಡೆ ಪೌತಿ ಖಾತೆ (ತೀರಿಕೊಂಡವರ ಹೆಸರಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ) ಆಗಿ, ಪಹಣಿಯಲ್ಲಿ ಒಬ್ಬನದೇ ಹೆಸರು ಕೂತು, ಅಡ್ವಾನ್ಸ್ ಕೊಟ್ಟವನೂ ಒಬ್ಬ ಹುಟ್ಟಿಕೊಂಡಿರುತ್ತಾನೆ. ಕೇವಿಯಟ್ ಬಂತು ಅಂದರೆ ಆ ಕಡೆಯವರು ಆಗಲೇ ವಕೀಲರ ಮನೆ ಮೆಟ್ಟಿಲು ಹತ್ತಿದ್ದಾರೆ ಅಂತ. ನೀವು ಮೊದಲು ಪಹಣಿ ಮತ್ತು ಎಂ.ಆರ್. (ಖಾತೆ ಬದಲಾವಣೆಯ ದಾಖಲೆ) ತೆಗೆಸಿ ನೋಡಿ. ಖಾತೆಗೆ ಅರ್ಜಿ ಹೋಗಿದ್ದು ಇನ್ನೂ ಆಗಿಲ್ಲ ಅಂದರೆ ತಹಶೀಲ್ದಾರರಿಗೆ ಲಿಖಿತ ತಕರಾರು ಕೊಡಿ, ಸ್ವೀಕೃತಿ ತಗೊಳ್ಳಿ. ಖಾತೆ ಆಗಿಹೋಗಿದ್ದರೂ ಎದೆ ಒಡೆದುಕೊಳ್ಳಬೇಡಿ. ಖಾತೆ ಕಂದಾಯ ಕಟ್ಟುವುದಕ್ಕೆ, ಅದರಿಂದ ಮಾಲೀಕತ್ವ ಹುಟ್ಟುವುದಿಲ್ಲ. ಉಪವಿಭಾಗಾಧಿಕಾರಿಗೆ ಅಪೀಲು ಇದೆ.

ಮಲ್ಲೇಶ್ವರ_ಮಹಡಿಮನೆ:

ನಾನು ಕೇವಿಯಟ್ ಹಾಕಿದ ಕಡೆಯವನು, ಅದಕ್ಕೇ ನನ್ನದೂ ಒಂದು ಮಾತು. ಎಲ್ಲರೂ ಕೆಟ್ಟ ಬುದ್ಧಿಯಿಂದ ಹಾಕಲ್ಲ.

ಮನೆ ಕಟ್ಟಿಸುತ್ತಿದ್ದೆ. ಪ್ಲಾನ್ ಮಂಜೂರಾಗಿತ್ತು, ಜಾಗ ಬಿಟ್ಟೇ ಕಟ್ಟುತ್ತಿದ್ದೆ. ಪಕ್ಕದವರು ದಿನಾ ಕಾಂಪೌಂಡ್ ಹತ್ತಿರ ನಿಂತು "ಸ್ಟೇ ತರ್ತೀನಿ" ಅನ್ನೋರು. ಎರಡನೇ ಮಹಡಿಯ ಮೋಲ್ಡ್ ಹಾಕೋ ವಾರ. ಕಂಬಿ ಕಟ್ಟಿ ಆಗಿದೆ, ಸೆಂಟ್ರಿಂಗ್ ಶೀಟು ಬಾಡಿಗೆಗೆ ತಂದದ್ದು, ಮಿಕ್ಸರ್ ಬುಕ್ ಆಗಿದೆ. ಆ ದಿನ ಬೆಳಿಗ್ಗೆ ಆರ್ಡರ್ ಬಂದು ಕೆಲಸ ನಿಂತರೆ ಕಂಬಿ ತುಕ್ಕು ಹಿಡಿಯುತ್ತೆ, ಬಾಡಿಗೆ ಓಡುತ್ತೆ. ನಮ್ಮ ವಕೀಲರು ಸಿಟಿ ಸಿವಿಲ್ ಕೋರ್ಟಿನಲ್ಲಿ ಕೇವಿಯಟ್ ಹಾಕಿಸಿದರು. ಪಕ್ಕದವರು ಹೋದರು ಕೂಡ. ಆದರೆ ನಮಗೆ ನೋಟಿಸ್ ಬಂತು. ಮಂಜೂರಾದ ನಕ್ಷೆ, ಫೋಟೋ ಎಲ್ಲ ಇಟ್ಟು ವಾದ ಮಾಡಿದೆವು. ತಡೆಯಾಜ್ಞೆ ಕೊಡಲಿಲ್ಲ. ಕೇವಿಯಟ್ ಇಲ್ಲದಿದ್ದರೆ ಅವರು ಹೇಳಿದ್ದೇ ಕತೆ ಆಗ್ತಿತ್ತು.

ನಿಮ್ಮ ಅಣ್ಣನೂ ಹೆದರಿಕೆಯಿಂದ ಹಾಕಿರಬಹುದು. ನೇರವಾಗಿ ಮಾತಾಡಿ ನೋಡಿ.

ಹಾಸನ್_ಹೈದ:

ಶಿರಸ್ತೇದಾರ್ ಸರ್, ಕೇವಿಯಟ್ ಇದ್ರೂ ಎಕ್ಸ್‌ಪಾರ್ಟಿ ಕೊಟ್ಟಿದ್ದನ್ನ ನಾನೇ ನೋಡಿದೀನಿ. ಮತ್ತೆ ಅದನ್ನ ಯಾಕೆ ಹಾಕ್ಬೇಕು?

ಕರಿಕೋಟು_ಹೊಸದು:

ಇದಕ್ಕೆ ನಾನು ಹೇಳುತ್ತೇನೆ, ನಾನು ವಕೀಲಿ ಮಾಡುತ್ತಿದ್ದೇನೆ. ನಮ್ಮ ಹೈಕೋರ್ಟಿನ ಹಳೆಯ ತೀರ್ಪು ಇದೆ. ಜಿ.ಸಿ. ಸಿದ್ದಲಿಂಗಪ್ಪ ವಿರುದ್ಧ ಜಿ.ಸಿ. ವೀರಣ್ಣ, 1981ರಲ್ಲಿ ವರದಿಯಾದದ್ದು. ಕೇವಿಯಟ್ ಇದ್ದಮೇಲೆ ಹಾಕಿದವನಿಗೆ ನೋಟಿಸ್ ಕೊಡುವುದು ಮಧ್ಯಂತರ ಆದೇಶಕ್ಕೆ ಮೊದಲು ಆಗಲೇಬೇಕಾದ ಕೆಲಸ, ಅದಿಲ್ಲದೆ ಅವನಿಗೆ ಬಾಧಕವಾಗುವ ಆದೇಶ ಮಾಡಿದರೆ ಕಲಮಿನ ಉದ್ದೇಶವೇ ಹಾಳಾಗುತ್ತೆ ಅಂತ ಅದರಲ್ಲಿ ಹೇಳಿದ್ದಾರೆ. ಹಾಗಾಗಿ ತಪ್ಪಿ ಆದೇಶ ಆಗಿಬಿಟ್ಟರೆ, ಕೇವಿಯಟ್ ಪ್ರತಿ ಹಿಡಿದುಕೊಂಡು ಹೋಗಿ ತೆರವು ಮಾಡಿಸಲು ಬಲವಾದ ಆಧಾರ ಸಿಗುತ್ತೆ.

ಇನ್ನೊಂದು. ಈ ಕಲಮು ಸಿವಿಲ್ ವಿಷಯಕ್ಕೆ ಮಾತ್ರ. ಪೊಲೀಸ್ ಕಂಪ್ಲೇಂಟ್ ಆಗುತ್ತೆ ಅಂತ ಹೆದರಿ 148ಎ ಕೇವಿಯಟ್ ಹಾಕಿ ಅಂತ ಬರುವವರು ಇದ್ದಾರೆ. ಅಲ್ಲಿ ಇದು ನಡೆಯಲ್ಲ.

ಹಳೇ_ಶಿರಸ್ತೇದಾರ:

ಹಾಸನದ ಹುಡುಗ ನೋಡಿದ್ದು ಸುಳ್ಳಿರಲಾರದು. ಅದರ ಒಳಗುಟ್ಟು ಹೇಳುತ್ತೇನೆ.

ಹೊಸ ದಾವೆ ಬಂದರೆ, ಅದಕ್ಕೆ ಎದುರಾಗಿ ಕೇವಿಯಟ್ ಇದೆಯಾ ಅಂತ ಕಚೇರಿಯವರು ಹುಡುಕಿ ಷರಾ ಬರೆಯಬೇಕು. ಹುಡುಕುವುದು ಹೆಸರಿನ ಮೇಲೆ. ರಿಜಿಸ್ಟರ್ ಇದ್ದ ಕಾಲದಲ್ಲಿ ಕೇವಿಯಟ್ ಒಳಗೆ "ಕೆ. ರಂಗಪ್ಪ" ಅಂತ ಇರುತ್ತಿತ್ತು, ದಾವೆಯಲ್ಲಿ "ರಂಗಪ್ಪ ಬಿನ್ ಕೆಂಚಪ್ಪ" ಅಂತ ಬರುತ್ತಿತ್ತು. ಒಬ್ಬನೇ ಮನುಷ್ಯ, ಆದರೆ ಒಂದು 'ಕ' ಹಾಳೆಯಲ್ಲಿ, ಇನ್ನೊಂದು 'ರ' ಹಾಳೆಯಲ್ಲಿ. ಈಗ ಕಂಪ್ಯೂಟರ್ ಬಂದಿದೆ, ಆದರೆ ಹೆಸರು ಟೈಪ್ ಮಾಡೋದು ಇಂಗ್ಲಿಷ್ ಅಕ್ಷರದಲ್ಲಿ. ನಮ್ಮ ಕಡೆ ಗೌಡ ಅನ್ನೋದನ್ನು ಡಬ್ಲ್ಯು ಹಾಕಿ ಬರೆಯುತ್ತಾರೆ, ಧಾರವಾಡದ ಕಡೆ ಯು ಹಾಕುತ್ತಾರೆ. ಲಕ್ಷ್ಮಿಯನ್ನು ಕೆಲವರು ಎಕ್ಸ್ ಹಾಕಿ ಬರೆಯುತ್ತಾರೆ, ಕೆಲವರು ಕೆಎಸ್‌ಎಚ್. ಒಂದಕ್ಷರ ಆಚೀಚೆ ಆದರೆ "ಕೇವಿಯಟ್ ಕಂಡುಬಂದಿಲ್ಲ" ಅಂತ ಷರಾ ಬಿದ್ದು ಫೈಲು ಮೇಲೆ ಹೋಗುತ್ತೆ. ಜಡ್ಜ್ ಮುಂದೆ ಇರೋದು ಆ ಷರಾ ತಾನೆ?

ಆದ್ದರಿಂದ ಕೇವಿಯಟ್ ಹಾಕುವವರಿಗೆ ನನ್ನ ಸಲಹೆ: ಆಧಾರ್, ಪಹಣಿ, ಮತದಾರರ ಚೀಟಿ ಮೂರರಲ್ಲೂ ಹೆಸರು ಬೇರೆ ಬೇರೆ ಇದ್ದರೆ "ಅಲಿಯಾಸ್" ಅಂತ ಎಲ್ಲ ರೂಪವನ್ನೂ ಬರೆಸಿ. ದಾವೆ ಯಾವ ಕೋರ್ಟಿಗೆ ಬರಬಹುದು ಅಂತ ಖಚಿತ ಇಲ್ಲದಿದ್ದರೆ ಜೂನಿಯರ್ ಡಿವಿಷನ್, ಸೀನಿಯರ್ ಡಿವಿಷನ್ ಎರಡರಲ್ಲೂ ಹಾಕಿಸಿ. ಒಂದರಲ್ಲಿ ಹಾಕಿದ್ದು ಇನ್ನೊಂದಕ್ಕೆ ಕಾಣಲ್ಲ. ಇ-ಕೋರ್ಟ್ಸ್ ವೆಬ್‌ಸೈಟಿನಲ್ಲಿ ಕೇವಿಯಟ್ ಹುಡುಕುವ ಜಾಗ ಇದೆ. ಈ ಅಮ್ಮ ಕೂಡ ಅಲ್ಲಿ ಅಣ್ಣನ ಹೆಸರು ಹಾಕಿ ನೋಡಬಹುದು. ಸಲ್ಲಿಸಿದ ದಿನ ಗೊತ್ತಾಗುತ್ತೆ, 90 ದಿನ ಯಾವತ್ತಿಗೆ ಮುಗಿಯುತ್ತೆ ಅನ್ನೋದೂ ಗೊತ್ತಾಗುತ್ತೆ.

ತೆಂಗಿನಸೀಮೆ_ಮಗಳು:

ಸರ್, ಎಲ್ಲ ಓದಿ ಉಸಿರು ಬಂತು. ಮನೆಯವರಿಗೂ ಓದಿ ಹೇಳಿದೆ. ನಿನ್ನೆ ಅಕ್ಕನಿಗೆ ಫೋನ್ ಮಾಡಿದರೆ ಅವಳದು ಇನ್ನೊಂದು ಸುದ್ದಿ. ಅಣ್ಣ ಅವಳ ಮನೆಗೆ ಹೋಗಿದ್ದನಂತೆ. "ಬ್ಯಾಂಕ್ ಸಾಲಕ್ಕೆ ಬೇಕು, ಇಬ್ಬರೂ ಒಂದು ಸಹಿ ಹಾಕಿ" ಅಂತ ಛಾಪಾ ಕಾಗದ ತೋರಿಸಿದನಂತೆ. ಅಮ್ಮನ ಹೆಬ್ಬೆಟ್ಟು ಆಗಲೇ ಆಗಿದೆಯಂತೆ. ಅಕ್ಕನ ಮದುವೆ ಆಗಿದ್ದು 1992ರಲ್ಲಿ. ಆಗ ಮದುವೆಯಾದವರಿಗೆ ಭಾಗ ಬರಲ್ಲ ಅಂತ ಅಣ್ಣ ಹೇಳಿದನಂತೆ. ಅಕ್ಕ ಅಳ್ತಿದ್ದಳು. ಇದು ನಿಜವಾ? ಮತ್ತೆ ನಾವು ದಾವೆ ಹಾಕಿದರೂ ಅಷ್ಟರೊಳಗೆ ಅವನು ತೋಟ ಮಾರಿಬಿಟ್ಟರೆ? ಕೋರ್ಟ್ ಫೀಸು, ವಕೀಲರ ಫೀಸು ನಮಗೆ ಎಲ್ಲಿಂದ ಬರಬೇಕು? ಬ್ಲೌಸ್ ಹೊಲಿದ ದುಡ್ಡು ನನ್ನದು.

ಕರಿಕೋಟು_ಹೊಸದು:

ಅಕ್ಕಂದಿರೇ, 1992ರ ಮಾತು ಎಲ್ಲಿಂದ ಬಂತು ಅಂತ ನನಗೆ ಗೊತ್ತು. ಕರ್ನಾಟಕ 1994ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ತಂದು ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಹಕ್ಕು ಕೊಟ್ಟಾಗ, ಅದಕ್ಕೆ ಮೊದಲು ಮದುವೆಯಾದವರನ್ನು ಹೊರಗಿಟ್ಟಿತ್ತು. ಊರ ಕಟ್ಟೆಯಲ್ಲಿ ಇವತ್ತಿಗೂ ಅದೇ ಓಡುತ್ತಿದೆ. ಆದರೆ 2005ರ ಕೇಂದ್ರದ ತಿದ್ದುಪಡಿಯಲ್ಲಿ ಮದುವೆಯ ಷರತ್ತು ಇಲ್ಲ. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಮಗಳಿಗೆ ಹುಟ್ಟಿನಿಂದಲೇ ಹಕ್ಕು ಅಂತ ಹೇಳಿಯಾಗಿದೆ. 2004ರ ಡಿಸೆಂಬರ್ 20ಕ್ಕೆ ಮೊದಲೇ ಕಾನೂನುಬದ್ಧವಾಗಿ ಭಾಗ ಆಗಿಹೋಗಿದ್ದರೆ ಅದನ್ನು ಕೆದಕುವಂತಿಲ್ಲ. ಇನ್ನು ತೋಟ ಅಪ್ಪನ ಸ್ವಯಾರ್ಜಿತ ಆಗಿದ್ದರೆ ಈ ಚರ್ಚೆಯೇ ಬೇಡ. ಉಯಿಲಿಲ್ಲ ಅಂದಮೇಲೆ ಅಮ್ಮ, ಅಣ್ಣ, ಅಕ್ಕ, ನೀವು, ನಾಲ್ವರಿಗೂ ಸಮ.

ಮಾರಾಟದ ವಿಷಯ. ದಾವೆ ನಡೆಯುತ್ತಿರುವಾಗ ಮಾರಿದರೆ, ಕೊಂಡವನು ದಾವೆಯ ತೀರ್ಪಿಗೆ ಬದ್ಧ. ಆಸ್ತಿ ವರ್ಗಾವಣೆ ಕಾಯ್ದೆಯ ಕಲಂ 52. ತಡೆಯಾಜ್ಞೆ ಸಿಗಲಿ ಬಿಡಲಿ, ದಾವೆ ಹಾಕಿದ ದಿನದಿಂದಲೇ ಇದು ಅನ್ವಯ. ಕೇವಿಯಟ್‌ಗೂ ಇದಕ್ಕೂ ಸಂಬಂಧ ಇಲ್ಲ. ಅದಕ್ಕೇ 90 ದಿನ ಕಾಯಬೇಡಿ ಅಂತ ಸರ್ ಹೇಳಿದ್ದು ನೂರಕ್ಕೆ ನೂರು ಸರಿ.

ಹಳೇ_ಶಿರಸ್ತೇದಾರ:

ಆ ಛಾಪಾ ಕಾಗದಕ್ಕೆ ಇಬ್ಬರೂ ಸಹಿ ಹಾಕಬೇಡಿ. ಸಾಲಕ್ಕೆ ಅಂತ ಹೇಳಿ ಹಕ್ಕು ಬಿಡುಗಡೆ ಪತ್ರ ಬರೆಸಿಕೊಂಡವರನ್ನು ಕಂಡಿದ್ದೇನೆ. ಓದಿಸಿ ನೋಡಬೇಕು ಅಂತ ಒಂದು ನಕಲು ಕೇಳಿ. ನಿಜವಾಗಿ ಬ್ಯಾಂಕಿನದೇ ಆದರೆ ನಕಲು ಕೊಡುವುದಕ್ಕೆ ಅವನಿಗೇನು ಕಷ್ಟ? ಅಮ್ಮನ ಹೆಬ್ಬೆಟ್ಟು ಯಾವ ಕಾಗದದ ಮೇಲೆ ಬಿದ್ದಿದೆ ಅಂತ ಅವರನ್ನೇ ಕೇಳಿ, ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದುಕೊಂಡು ಹೋಗಿದ್ದನಾ ಅಂತಲೂ ಕೇಳಿ. ಜಮೀನಿನ ಹಕ್ಕು ಬಿಡುವ ಪತ್ರ ನೋಂದಣಿ ಆಗಬೇಕು. ಮನೆಯಲ್ಲಿ ಕೂತು ಒತ್ತಿಸಿಕೊಂಡ ಹೆಬ್ಬೆಟ್ಟಿನಿಂದ ತೋಟ ಹೋಗುವುದಿಲ್ಲ. ಒಂದು ಇ.ಸಿ. (ಋಣಭಾರ ಪತ್ರ) ತೆಗೆಸಿದರೆ ಏನಾದರೂ ನೋಂದಣಿ ಆಗಿದೆಯಾ ಅಂತ ಕಾಣುತ್ತೆ.

ದುಡ್ಡಿನ ವಿಷಯಕ್ಕೆ ಹಿಂದೆ ಸರಿಯಬೇಡಿ. ಕಾನೂನು ಸೇವೆಗಳ ಪ್ರಾಧಿಕಾರದ ಕಾಯ್ದೆ 1987ರ ಪ್ರಕಾರ ಹೆಣ್ಣುಮಕ್ಕಳಿಗೆ ಉಚಿತ ವಕೀಲರ ನೆರವು ಉಂಟು, ಆದಾಯದ ಮಿತಿ ನೋಡಲ್ಲ. ತೋಟ ತಿಪಟೂರು ಕಡೆ ಇರುವುದರಿಂದ ಅಲ್ಲಿನ ಕೋರ್ಟಿಗೇ ಹೋಗಬೇಕು. ಕೋರ್ಟ್ ಆವರಣದಲ್ಲೇ ತಾಲ್ಲೂಕು ಕಾನೂನು ಸೇವೆಗಳ ಸಮಿತಿ ಅಂತ ಬೋರ್ಡ್ ಇರುತ್ತೆ. 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ. ಅಣ್ಣನ ಜೊತೆ ಕೂತು ಮಾತಾಡುವ ಮನಸ್ಸಿದ್ದರೆ, ದಾವೆಗೆ ಮೊದಲೇ ಆ ಸಮಿತಿಯಿಂದ ಲೋಕ್ ಅದಾಲತ್‌ಗೆ ನೋಟಿಸ್ ಕಳಿಸಲು ಕೇಳಬಹುದು. ಅಲ್ಲಿ ರಾಜಿಯಾದರೆ ಅದು ಕೋರ್ಟಿನ ಡಿಕ್ರಿಯಷ್ಟೇ ಗಟ್ಟಿ, ಮೇಲೆ ಅಪೀಲು ಇಲ್ಲ. ಆದರೆ ಮಾತುಕತೆ ಅಂತ ತಿಂಗಳುಗಟ್ಟಲೆ ಎಳೆಯಲು ಬಿಡಬೇಡಿ.

ಹೋಗುವಾಗ ಅಪ್ಪನ ಮರಣ ಪತ್ರ, ವಂಶವೃಕ್ಷ, ಪಹಣಿ, ಎಂ.ಆರ್. ನಕಲು, ಮನೆಯ ಖಾತೆ ಎಕ್ಸ್‌ಟ್ರಾಕ್ಟ್, ಈ ಕೇವಿಯಟ್ ನೋಟಿಸ್ ಇಷ್ಟೂ ಇರಲಿ. ಅಕ್ಕನನ್ನೂ ಕರೆದುಕೊಂಡು ಹೋಗಿ. ಸೋಮವಾರ ಬೇಡ, ಅವತ್ತು ಕೋರ್ಟಿನಲ್ಲಿ ಜನ ಜಾಸ್ತಿ.